ನ್ಯೇಲೆಯ ನಲವತ್ತೊಂದು ಬೆಣ್ಣೆಮರಗಳು

ನ್ಯೇಲೆ ಕುಲಿಬಾಲಿ ಹುಲ್ಲನ್ನು ಬರೀ ಕಣ್ಣಿಂದ ನೋಡಿ ನಂಬುವವಳಲ್ಲ. ಮಳೆ ನಿಂತು ತಿಂಗಳಾಗಿ, ಹೊಲದ ಸಜ್ಜೆ ಇನ್ನೂ ಅರ್ಧ ಕೊಯ್ಯುವುದು ಬಾಕಿಯಿರುವಾಗ, ಸಂಜೆಯ ಹೊತ್ತು ಹಳೆಯ ಬೀಳಿಗೆ ಹೋಗಿ ಆಳೆತ್ತರದ ಹುಲ್ಲಿನ ಒಂದು ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಾಗಿಸುತ್ತಿದ್ದಳು. ಸದ್ದಿಲ್ಲದೆ ಬಾಗಿದರೆ ಇನ್ನೂ ಹಸಿ. ಲಟಕ್ಕೆಂದು ಮುರಿದರೂ ನಾರು ಬಿಡದೆ ಜೋತುಬಿದ್ದರೆ ಅಂದೇ ಸರಿಯಾದ ದಿನ. ಎರಡು ತುಂಡಾಗಿ ಕೈಗೆ ಬಂದರೆ ಹೊತ್ತು ಮೀರಿದ ಹಾಗೆ. ಆಮೇಲೆ ಚಪ್ಪಲಿ ಕಳಚಿ ಬುಡದಲ್ಲಿ ಹಿಮ್ಮಡಿ ಊರಿ ನೋಡುವಳು; ಮಣ್ಣು ತಣ್ಣಗಿರಬೇಕು. ಅಂಥ ದಿನ ಗಾಳಿ ಇಳಿದ ಮೇಲೆ ಹಚ್ಚಿದ ಬೆಂಕಿ ಮೊಣಕಾಲೆತ್ತರ ಏಳುತ್ತದೆ. ಒಣಗಿದ್ದನ್ನು ತಿಂದು, ಹಸಿ ಸಿಕ್ಕಲ್ಲಿ ಮುಖ ತಿರುಗಿಸಿ, ಇಬ್ಬನಿ ಬೀಳುವಷ್ಟರಲ್ಲಿ ತಾನೇ ಮಲಗಿಬಿಡುತ್ತದೆ.

ಇದನ್ನು ಕಲಿಸಿದವಳು ಅತ್ತೆ ಸೀರಾ. ನ್ಯೇಲೆ ಹದಿನಾರು ವರ್ಷಕ್ಕೆ ಮದುವೆಯಾಗಿ ನ್ಯೋಬುಗು ಊರಿಗೆ ಬಂದಾಗ ಸೀರಾ ಅವಳ ಕೈಗೆ ಮನೆಯ ಬೀಗದ ಕೈ ಕೊಡಲಿಲ್ಲ, ಆ ಮನೆಗೆ ಬೀಗವೇ ಇರಲಿಲ್ಲ. ಬೀಳಿಗೆ ಕರೆದುಕೊಂಡು ಹೋಗಿ ಬೆಣ್ಣೆಮರಗಳನ್ನು ಒಂದೊಂದಾಗಿ ಮುಟ್ಟಿಸಿದಳು. ನಲವತ್ತೊಂದು ಮರ. "ಇದು ಹುಳಿ ಹಣ್ಣಿಂದು. ಇದು ಸೋಂಬೇರಿ, ವರ್ಷ ಬಿಟ್ಟು ವರ್ಷ ಕಾಯಿ ಬಿಡ್ತದೆ. ಇದರ ಕೆಳಗೆ ನಿನ್ ಗಂಡ ಹುಟ್ಟಿದ, ನಾನು ಮನೆ ಮುಟ್ಟೋಕಾಗ್ಲಿಲ್ಲ."

ಬೆಣ್ಣೆಮರವನ್ನು ನಮ್ಮಲ್ಲಿ ಯಾರೂ ನೆಡುವುದಿಲ್ಲ. ತಾನಾಗಿ ಹುಟ್ಟಿದ್ದನ್ನು ಉಳುವಾಗ ಬಿಟ್ಟು ಉಳಿಸಿಕೊಳ್ಳಬೇಕು, ಮೊದಲ ಕಾಯಿಗೆ ಇಪ್ಪತ್ತು ವರ್ಷ ಕಾಯಬೇಕು. ಮಳೆಗಾಲದ ಆರಂಭದಲ್ಲಿ ಹಣ್ಣು ಉದುರುತ್ತದೆ. ಹೆಂಗಸರು ಬೀಜ ಬೇಯಿಸಿ, ಒಣಗಿಸಿ, ಕುಟ್ಟಿ, ಕಡೆದು ಬೆಣ್ಣೆ ತೆಗೆಯುತ್ತಾರೆ. ಸಾರಿಗೆ ಅದೇ, ದೀಪಕ್ಕೆ ಅದೇ, ಬಾಣಂತಿಯ ಸೊಂಟಕ್ಕೂ ಕೂಸಿನ ಮೈಗೂ ಅದೇ. ಆದರೆ ಈ ಮರ ಹೂ ಬಿಡುವುದು ಎಲೆ ಉದುರಿಸಿಕೊಂಡ ಕಡು ಬೇಸಿಗೆಯಲ್ಲಿ. ಆಗ ಬೆಂಕಿ ಬಂದರೆ ಆ ವರ್ಷದ ಬೆಣ್ಣೆ ಅಲ್ಲಿಗೇ ಮುಗಿಯಿತು. ಅದಕ್ಕೇ ಹೂವಿಗಿಂತ ಮೊದಲು, ಹುಲ್ಲು ಅರೆ ಹಸಿ ಇರುವಾಗಲೇ, ಮರಗಳ ಸುತ್ತ ಸಣ್ಣ ಬೆಂಕಿ ಹಾಯಿಸಿ ಹುಲ್ಲು ಕಳೆದುಬಿಡುವುದು. ಜಲ್ಲಿಮಣ್ಣಿನ ದಿಬ್ಬ ಮೊದಲು, ವಾರ ಬಿಟ್ಟು ಇಳಿಜಾರು, ಕೊನೆಗೆ ತಗ್ಗು. ಸುಟ್ಟದ್ದರ ಪಕ್ಕ ಹಸಿ, ಹಸಿಯ ಪಕ್ಕ ಸುಟ್ಟದ್ದು. ಆಮೇಲೆ ಯಾವ ದನಕಾಯುವವನ ಕಿಡಿ ಎಲ್ಲಿ ಬಿದ್ದರೂ ದೂರ ಓಡಲಾರದು.

ಸೀರಾ ಹೋದಳು. ಗಂಡ ಬಾಕಾರಿಯೂ ಒಂದು ಮಳೆಗಾಲದಲ್ಲಿ ಜ್ವರ ಹತ್ತಿ ಏಳು ದಿನಕ್ಕೆ ಹೋದ. ಹೆತ್ತ ಐವರಲ್ಲಿ ಉಳಿದ ಮೂವರನ್ನು ನ್ಯೇಲೆ ಆ ಮರಗಳ ಬೆಣ್ಣೆಯಿಂದಲೇ ದೊಡ್ಡವರನ್ನಾಗಿ ಮಾಡಿದಳು. ಮೈದುನಂದಿರು ಹೊಲ ಹಂಚಿಕೊಂಡರು. ಮರಗಳ ತಂಟೆಗೆ ಯಾರೂ ಬರಲಿಲ್ಲ. ಅವು ಹೆಂಗಸಿನವು, ಅವಳವು.

ಓಣಿಯ ಆಚೆ ಮನೆ ಸುಂಗಾಲೊ ಕೇತಾನದು. ಕೇತಾ ಮತ್ತು ಕುಲಿಬಾಲಿ ಮನೆತನದವರು ಒಬ್ಬರನ್ನೊಬ್ಬರು ಹಂಗಿಸಲೇಬೇಕು. ಅದು ಹಿಂದಿನವರು ಮಾಡಿಕೊಂಡ ಕಟ್ಟು. ಸಿಟ್ಟಾಗುವ ಹಾಗಿಲ್ಲ, ಕೇಳಿಕೊಂಡದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಕೇಡು ಆಗುವ ಹಾಗಂತೂ ಇಲ್ಲವೇ ಇಲ್ಲ. ಸುಂಗಾಲೊ ಮತ್ತು ನ್ಯೇಲೆ ಬೆಳಗಾದರೆ ಈ ಕಟ್ಟನ್ನು ಜೋರಾಗಿಯೇ ನಡೆಸುತ್ತಿದ್ದರು.

"ಏನಮ್ಮಿ, ಅಲಸಂದೆ ತಿನ್ನೋಳೇ, ರಾತ್ರಿಯೆಲ್ಲ ಗುಡುಗಿತಲ್ಲ, ಮಳೆ ಬಂತೇನೋ ಅಂತ ಎದ್ದು ಪಾತ್ರೆ ಹೊರಗಿಟ್ಟೆ."

"ಅದು ನಿನ್ ಹೊಟ್ಟೇನೇ ಕಣೋ. ನಿಮ್ಮಜ್ಜ ಒಂದು ಬೊಗಸೆ ಅಲಸಂದೆಗೆ ನಮ್ಮಜ್ಜನಿಗೆ ಆಳಾಗಿ ಬಂದೋನಲ್ವಾ! ಬಾ, ಅಂಗಳ ಗುಡಿಸು."

ಹುಲ್ಲು ನೋಡಲು ಹೋಗುವಾಗ ಅವನೂ ಬಾಲದಂತೆ ಬರುತ್ತಿದ್ದ. ಕಡ್ಡಿ ಮುರಿದು ಅವನ ಕಿವಿಗೆ ಹಿಡಿದು, "ಕೇಳಿಸ್ತಾ? ಕೇತಾಗಳ ಕಿವಿಗೆ ನಗಾರಿ ಬಡಿದ್ರೂ ಕೇಳಿಸಲ್ಲ" ಅನ್ನುವಳು. ಅವನೂ ಹಿಮ್ಮಡಿ ಊರಿ ನೋಡುವನು. ವರ್ಷಗಳು ಹೋದಂತೆ ಅವನ ಕಿವಿಯೂ ಪಳಗಿತು. ಅವಳಿಗೆ ಅದರಲ್ಲಿ ಒಳಗೊಳಗೆ ಹೆಮ್ಮೆಯೂ ಇತ್ತು.

ಆಮೇಲೆ ಸಾಲುಸಾಲಾಗಿ ಮಳೆ ಕೈಕೊಟ್ಟ ವರ್ಷಗಳು ಬಂದವು. ಮರಳುಗಾಡು ಕೆಳಗಿಳಿದು ಬರುತ್ತಿದೆ, ಅದಕ್ಕೆ ಬೆಂಕಿಯೇ ಕಾರಣ ಎಂದು ರೇಡಿಯೋದಲ್ಲಿ ದಿನಾ ಹೇಳಿದರು. ಒಂದು ದಿನ ಖಾಕಿ ತೊಟ್ಟ ಕಾಡಿನ ಇಲಾಖೆಯವರು ಮೋಟಾರುಗಾಡಿಯಲ್ಲಿ ಬಂದು ಹುಣಸೆಮರದಡಿ ಊರನ್ನು ಕೂರಿಸಿದರು. ಇನ್ನು ಮುಂದೆ ಕಾಡಲ್ಲಾಗಲಿ ಬೀಳಲ್ಲಾಗಲಿ ಯಾವ ಕಾಲದಲ್ಲೂ ಬೆಂಕಿ ಇಡಕೂಡದು. ಇಟ್ಟವರನ್ನು ಹಿಡಿದುಕೊಂಡು ಹೋಗುತ್ತಾರೆ. ಯಾರು ಇಟ್ಟರೆಂದು ತಿಳಿಯದಿದ್ದರೆ ಇಡೀ ಊರು ದಂಡ ತೆರಬೇಕು.

ನ್ಯೇಲೆ ಎದ್ದು ನಿಂತಳು. "ಸ್ವಾಮಿ, ಬೇಸಿಗೆ ಬೆಂಕಿ ಬೇರೆ, ಸುಗ್ಗಿ ಬೆಂಕಿ ಬೇರೆ. ಸಣ್ಣದನ್ನ ನಾವು ಇಡದೆ ಇದ್ರೆ ದೊಡ್ಡದು ಹೇಳದೆ ಬರ್ತದೆ."

ಖಾಕಿಯವರ ಹಿರಿಯ ನಕ್ಕ. "ಬೆಂಕಿ ಅಂದ್ರೆ ಬೆಂಕಿನೇ, ತಾಯೀ. ಅದಕ್ಕೂ ದೊಡ್ಡಮ್ಮ ಚಿಕ್ಕಮ್ಮ ಇದಾರಾ?" ಊರೂ ನಕ್ಕಿತು. ನ್ಯೇಲೆ ಕೂತಳು.

ಕಾವಲಿಗೆ ಊರಿನವನೊಬ್ಬ ಬೇಕು ಎಂದರು. ಎಲ್ಲರ ಮನೆಯಲ್ಲೂ ಮಾತಿರುವವನು, ಎಲ್ಲರನ್ನೂ ನಗಿಸುವವನು ಎಂದು ಊರ ಹಿರಿಯರು ಸುಂಗಾಲೊನನ್ನು ತೋರಿಸಿದರು. ಅವನಿಗೆ ಒಂದು ಹಸಿರು ಟೋಪಿ, ಒಂದು ಸೀಟಿ ಸಿಕ್ಕಿತು. "ಟೋಪಿ ಒಳಗೆ ತಲೆ ಇದೆಯೋ ಇಲ್ವೋ ನೋಡ್ಕೊಂಡು ಕೊಟ್ರಾ?" ಎಂದು ನ್ಯೇಲೆ ಕೇಳಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಮೊದಲ ವರ್ಷ ಹುಲ್ಲು ನಿಂತಲ್ಲೇ ಒಣಗಿತು. ಎರಡನೆಯ ವರ್ಷ ಹೊಸ ಹುಲ್ಲು ಹಳೆಯದರ ಮೇಲೆ ಎದ್ದಿತು. ನ್ಯೇಲೆ ಬೀಳಿಗೆ ಹೋದರೆ ಕಾಲ ಕೆಳಗೆ ಸತ್ತ ಹುಲ್ಲು ಹಾಸಿಗೆಯ ಹಾಗೆ ಕುಸಿಯುತ್ತಿತ್ತು. ಮರದ ಸುತ್ತ ಕೈಗುದ್ದಲಿಯಲ್ಲಿ ಕೆರೆಯಲು ನೋಡಿದಳು. ಮೂರು ಮರಕ್ಕೆ ಎರಡು ದಿನ ಹಿಡಿಯಿತು, ಅಷ್ಟರಲ್ಲಿ ಅಲಸಂದೆ ಕೀಳುವ ಕೆಲಸ ಬಂತು. ನಲವತ್ತೊಂದು ಮರವನ್ನು ಒಂದು ಜೀವ ಕೆರೆದು ಮುಗಿಸುವುದುಂಟೇ? ಅತ್ತೆ ಮುಟ್ಟಿಸಿದ ಮರಗಳು ತನ್ನ ಕಾಲದಲ್ಲಿ ಉರಿದುಹೋಗುತ್ತವೆ ಎಂಬ ಒಂದೇ ಚಿಂತೆ ಅವಳನ್ನು ಹಿಡಿದುಕೊಂಡಿತು.

ಆ ಸುಗ್ಗಿಯಲ್ಲಿ ಒಂದು ಬೆಳಗ್ಗೆ ಅವಳು ಸುಂಗಾಲೊನ ಜಗಲಿಗೆ ಹೋದಳು. ಅವನು ಚಹಾ ಕಾಸುತ್ತಿದ್ದ.

"ಆಳೇ, ನಿನ್ ಒಡತಿ ಬಂದಿದಾಳೆ. ಮಣೆ ಹಾಕು."

"ಒಡತಿಗೆ ಮಣೆ ಎಲ್ಲಿ ಸಾಲ್ತದೆ, ಒರಳೂ ಸಾಲದು. ಕೂತ್ಕೊ. ಏನು ಸಮಾಚಾರ?"

"ಗುರುವಾರ ಹುಲ್ಲು ಹದಕ್ಕೆ ಬರ್ತದೆ. ದಿಬ್ಬದ ಮಗ್ಗುಲಲ್ಲಿ ಸಂಜೆ ಒಂದು ಗಳಿಗೆ. ನೀನು ಆ ಕಡೆ ತಿರುಗ್ಬೇಡ, ಅಷ್ಟೇ. ಕಟ್ಟಿನ ಮೇಲೆ ಕೇಳ್ತಿದೀನಿ, ಸುಂಗಾಲೊ. ಇಷ್ಟು ವರ್ಷದಲ್ಲಿ ನಿನ್ನ ಏನೂ ಕೇಳಿಲ್ಲ."

ಅವನು ಚಹಾವನ್ನು ಎತ್ತರದಿಂದ ಗ್ಲಾಸಿಗೆ ಸುರಿದ. ನೊರೆ ಎದ್ದಿತು. "ಕಟ್ಟಿನ ಮೇಲೆ ಕೇಳಿದ ಮೇಲೆ ನಾನೇನು ಹೇಳ್ಲಿ? ಹಚ್ಚು ಹೋಗು. ಗುರುವಾರ ಕಾಡಿನೋರು ಬಂದ್ರೂ ಗಿನಿಕೋಳಿ ಕೊಯ್ಸಿ ನಮ್ಮನೇಲೇ ಕೂರಿಸ್ಕೋತೀನಿ. ಅಲಸಂದೆ ತಿಂದೋಳ ಬೆಂಕಿ, ವಾಸನೆ ಹೊಡೆದ್ರೆ ಮಾತ್ರ ನನ್ನ ಬೈಬೇಡ."

ಅವಳು ವಾಡಿಕೆಯ ಮೂರು ಸುತ್ತಿನ ಚಹಾವನ್ನೂ ಕುಡಿದು ನಗುತ್ತಾ ಮನೆಗೆ ಬಂದಳು.

ಗುರುವಾರ ಗಾಳಿ ಇಳಿದ ಮೇಲೆ ಕಡ್ಡಿ ಲಟಕ್ಕೆಂದು ಜೋತುಬಿತ್ತು. ಅವಳು ಹಚ್ಚಿದಳು. ಬೆಂಕಿ ಮೊಣಕಾಲ ಮಟ್ಟಕ್ಕೆ ಎದ್ದು ಎರಡನೆಯ ಮರವನ್ನು ದಾಟಿತ್ತೋ ಇಲ್ಲವೋ, ಸೀಟಿ ಕೇಳಿಸಿತು. ಖಾಕಿಯವರು ಮೂವರು. ಅವರು ಮಧ್ಯಾಹ್ನದಿಂದಲೇ ದಿಬ್ಬದ ಹಿಂದೆ ಕೂತಿದ್ದರು. ಅವರ ಕಾಲ ಬಳಿ ಕಡಲೆಕಾಯಿ ಸಿಪ್ಪೆ ರಾಶಿಯಿತ್ತು. ಸುಂಗಾಲೊ ಸೀಟಿಯನ್ನು ಬಾಯಿಂದ ತೆಗೆಯದೆ ನೆಲ ನೋಡುತ್ತ ನಿಂತಿದ್ದ.

ನ್ಯೇಲೆ ಮೊದಲು ಇದೂ ಅವನ ಆಟವೇ ಎಂದುಕೊಂಡಳು. "ಏ ಆಳೇ, ಕೋಳಿ ಎಲ್ಲಿ?" ಎಂದಳು. ಯಾರೂ ನಗಲಿಲ್ಲ. ಒಬ್ಬ ಅವಳ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡ, ಇನ್ನಿಬ್ಬರು ಹಸಿ ಸೊಪ್ಪಿನಿಂದ ಬೆಂಕಿಯನ್ನು ಬಡಿದು ಕೊಂದರು. ಹಾಗೆ ಬಡಿದು ಕೊಲ್ಲಬಹುದಾದಷ್ಟೇ ಬೆಂಕಿ ಅದು. ಎರಡು ಕೊಂಬೆ ಸಾಕಾಯಿತು. ಅದನ್ನಾದರೂ ಅವರು ಗಮನಿಸಬಹುದಿತ್ತು.

ಅವಳನ್ನು ದೂರದ ಪಟ್ಟಣಕ್ಕೆ ಕರೆದೊಯ್ದು ಒಂಬತ್ತು ದಿನ ಕೂಡಿಹಾಕಿದರು. ಹಿಂದಿರುಗಿ ಬರುವಾಗ ಬೀಳಿನ ಬಾಯಲ್ಲಿ ಒಂದು ತಗಡಿನ ಹಲಗೆ ನೆಟ್ಟಿತ್ತು. ಓದಲು ಬರದಿದ್ದರೂ ಅರ್ಥವಾಗುವಂತೆ ಬೆಂಕಿಯ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆದಿದ್ದರು. ಇನ್ನು ಅದು ಕಾಪಿಟ್ಟ ಜಾಗ, ನ್ಯೇಲೆ ಎರಡು ಮಳೆಗಾಲ ಅಲ್ಲಿ ಕಾಲಿಡುವಂತಿಲ್ಲ, ನೋಡಿಕೊಳ್ಳುವವನು ಕಾವಲಿನವನು. ಆ ವರ್ಷ ಹಣ್ಣು ಉದುರಿದಾಗ ಬುಟ್ಟಿ ಹಿಡಿದು ಹೋದವರು ಸುಂಗಾಲೊನ ಇಬ್ಬರು ಹೆಂಡಿರು. ನ್ಯೇಲೆ ಅಂಗಳದಲ್ಲಿ ಕೂತು ಅವರು ಹೋಗುವುದನ್ನೂ ತುಂಬಿದ ಬುಟ್ಟಿ ಹೊತ್ತು ಬರುವುದನ್ನೂ ನೋಡಿದಳು. ಅವರು ಒಂದು ಸೋರೆಬುರುಡೆ ತುಂಬ ಬೀಜ ತಂದು ಅವಳ ಮುಂದಿಟ್ಟರು. ಅವಳು ಅದನ್ನು ಕೋಳಿಗಳ ಮುಂದೆ ಸುರಿದಳು. ಕೋಳಿಗಳೂ ಮುಟ್ಟಲಿಲ್ಲ.

ಸುಂಗಾಲೊ ಒಂದು ದಿನ ಓಣಿಯಲ್ಲಿ ಎದುರಾದ. "ನಾನು ಹೇಳದಿದ್ರೆ ನನ್ನ ತೆಗೆದು ಎಲ್ಲಿಯವನನ್ನೋ ತಂದು ಹಾಕ್ತಿದ್ರು. ಯಾರನ್ನಾದ್ರೂ ಒಬ್ಬರನ್ನ ತೋರಿಸು ಅಂತ ವರ್ಷದಿಂದ ಪ್ರಾಣ ಹಿಂಡ್ತಿದ್ರು ಕಣೇ. ಬೈದು ಬಿಟ್ಟುಬಿಡ್ತಾರೆ ಅಂದ್ಕೊಂಡೆ. ನೀನು ನಮ್ಮೋಳು, ನೀನಾದ್ರೆ ತಡ್ಕೋತೀಯ ಅಂತ..."

"ನಮ್ಮೋಳು ಅಂತ ನನ್ನ ಕೊಟ್ಯಾ?" ಎಂದು ಕೇಳಿದಳು ನ್ಯೇಲೆ. ಅವಳು ದಾರಿ ಬಿಟ್ಟು ಗೋಡೆಯ ಪಕ್ಕದಿಂದ ಹೋದಳು.

ಎರಡನೆಯ ಮಳೆಗಾಲ ಕಳೆದ ಬೇಸಿಗೆಯಲ್ಲಿ, ಬೆಣ್ಣೆಮರಗಳು ಬೋಳು ಕೊಂಬೆಗಳ ತುದಿಯಲ್ಲಿ ಹೂ ಕಟ್ಟಿಕೊಂಡು ನಿಂತಿದ್ದಾಗ, ನಡುಮಧ್ಯಾಹ್ನ ಬಡಗಣದ ಒಣಗಾಳಿಯ ಜೊತೆಗೆ ಬೆಂಕಿ ಬಂತು. ಎಲ್ಲಿಂದ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದನಕಾಯುವವನ ಒಲೆಯಿರಬಹುದು, ರಸ್ತೆಯ ಲಾರಿಯವನ ಬೀಡಿಯಿರಬಹುದು. ಹಿಂದೆಲ್ಲ ಅಂಥ ಕಿಡಿ ಸುಟ್ಟ ನೆಲಕ್ಕೆ ಬಂದು ಹಸಿವಿನಿಂದ ಸಾಯುತ್ತಿತ್ತು. ಈಗ ಅದಕ್ಕೆ ವರ್ಷಗಳ ಹುಲ್ಲು ಬಡಿಸಿಟ್ಟಿತ್ತು.

ನ್ಯೇಲೆ ಅಂದು ಆಚೆ ಊರಿನಲ್ಲಿ ಮಗಳ ಕೂಸಿಗೆ ಹೆಸರಿಡುವ ಊಟದಲ್ಲಿದ್ದಳು. ಹೊಗೆಯನ್ನು ಅಲ್ಲಿಂದಲೇ ಕಂಡಳು. ಬಣ್ಣ ನೋಡಿದೊಡನೆ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಬಿಟ್ಟಳು. ಹುಲ್ಲಿನ ಹೊಗೆ ಬೆಳ್ಳಗೆ, ಅದು ಕಪ್ಪಗಿತ್ತು. ಓಡಿ ಬಂದಾಗ ಬೆಂಕಿ ಮರದ ತಲೆಗಿಂತ ಮೇಲಿತ್ತು. ಊರಿನವರು ಕೊಂಬೆ ಹಿಡಿದು ದೂರದಲ್ಲೇ ನಿಂತಿದ್ದರು, ಹತ್ತಿರ ಹೋಗುವ ಮಾತೇ ಇರಲಿಲ್ಲ. ತೊಗಟೆ ಸಿಡಿಯುವ ಸದ್ದು ಊರ ಬಾವಿಯವರೆಗೂ ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಊರಂಚಿನ ಎರಡು ಕಣಜಗಳೂ ಸುಟ್ಟುಹೋದವು.

ಮರುದಿನ ಅವಳು ತಗಡಿನ ಹಲಗೆಯನ್ನು ದಾಟಿ ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಒಂದೊಂದು ಮರವನ್ನೂ ಮುಟ್ಟಿದಳು, ಕೈ ಕಪ್ಪಾಯಿತು. ಸುಡದೆ ಉಳಿದವು ಕಾಲುದಾರಿಯ ಅಂಚಿನವು, ಆಡುಗಳು ದಿನಾ ಮೇಯ್ದು ಹುಲ್ಲು ಬೋಳಾಗಿದ್ದ ಕಡೆಯವು. ಒಂಬತ್ತು. ಗಂಡ ಹುಟ್ಟಿದ ಮರ ಅವುಗಳಲ್ಲಿ ಇರಲಿಲ್ಲ.

ಮೂರನೆಯ ದಿನ ಕಾಡಿನವರು ಬಂದು ಹುಣಸೆಮರದಡಿ ಮತ್ತೆ ಊರನ್ನು ಕೂರಿಸಿದರು. ಯಾರು ಇಟ್ಟದ್ದು, ಹೇಳಿ, ಇಲ್ಲದಿದ್ದರೆ ಇಡೀ ಊರು. ಆಗ ಸುಂಗಾಲೊ ಟೋಪಿ ಸರಿಮಾಡಿಕೊಂಡು, "ಈ ಊರಲ್ಲಿ ಬೆಂಕಿ ಇಡೋ ಕೈ ಯಾವುದು ಅಂತ ನಾನು ಹೇಳ್ಬೇಕೇ? ಸಾಹೇಬ್ರಿಗೇ ಗೊತ್ತಿದೆ" ಎಂದ.

ಹಿಂದೆ ಕೂತಿದ್ದ ನ್ಯೇಲೆಯ ಓರಗಿತ್ತಿ ವಾಸಾ ಇದನ್ನು ತಮಾಷೆಯೆಂದೇ ತಿಳಿದು ಕಿಸಕ್ಕನೆ ನಕ್ಕು, ಉಳಿದವರ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಎಲ್ಲರೂ ನ್ಯೇಲೆಯ ಕಡೆ ತಿರುಗಿದರು, ಅವಳ ಬಾಯಿಂದ ಎಂಥ ಬೈಗುಳ ಬರುತ್ತದೋ ಎಂದು.

ನ್ಯೇಲೆ ಎದ್ದು ಸೆರಗಿನ ಮಣ್ಣು ಕೊಡವಿದಳು. "ಸುಂಗಾಲೊ ಕೇತಾ ಅವರೇ, ಆವತ್ತು ನಾನು ಮಗಳ ಮನೇಲಿದ್ದೆ. ಬೆಳಗ್ಗೆ ಹೊರಡೋವಾಗ ನಿಮ್ಮ ಹಿರಿ ಹೆಂಡ್ತಿ ನನ್ನ ಬುಟ್ಟಿಗೆ ಎರಡು ಮೊಟ್ಟೆ ಹಾಕಿ ಕಳಿಸಿದ್ರು. ನೀವು ಅಲ್ಲೇ ಜಗಲಿ ಮೇಲೆ ಕೂತಿದ್ರಿ. ಮರೆತಿದ್ರೆ ನೆನಪು ಮಾಡ್ಕೊಳ್ಳಿ."

ಇಷ್ಟೇ. 'ಅವರೇ' ಅಂದಳು, 'ನೀವು' ಅಂದಳು. ಒಬ್ಬ ಕುಲಿಬಾಲಿ ಒಬ್ಬ ಕೇತಾನನ್ನು ಊರೆದುರು ಹೀಗೆ ಮಾತಾಡಿಸಿದ್ದನ್ನು ನ್ಯೋಬುಗುವಿನಲ್ಲಿ ಯಾರೂ ಕಂಡಿರಲಿಲ್ಲ. ಮುದುಕರೊಬ್ಬರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ಸುಂಗಾಲೊನ ಹಿರಿ ಹೆಂಡತಿ ಎದ್ದು, "ಹೌದು, ಮೊಟ್ಟೆ ನಾನೇ ಕೊಟ್ಟೆ" ಎಂದು ಹೇಳಿ ಗಂಡನತ್ತ ನೋಡದೆ ಮನೆಗೆ ನಡೆದಳು. ಕಾಡಿನವರು ಊರಿಗೆಲ್ಲ ದಂಡ ಹಾಕಿ ಹೊರಟುಹೋದರು. ಅಂದಿನಿಂದ ಓಣಿಯಲ್ಲಿ ಬೆಳಗಿನ ಹಂಗಿಸಾಟ ನಿಂತಿತು. ಅವನು ಹತ್ತಿಪ್ಪತ್ತು ಸಲ "ಅಲಸಂದೆ ತಿನ್ನೋಳೇ" ಎಂದು ಕರೆದು ನೋಡಿದ. ಅವಳು "ನಮಸ್ಕಾರ, ಮನೇಲಿ ಎಲ್ಲ ಕ್ಷೇಮವೇ?" ಎಂದು ಕೇಳಿ ಮುಂದೆ ಹೋಗುವಳು.

ಕೆಲವು ವರ್ಷಗಳಲ್ಲಿ ರಾಜಧಾನಿಯಲ್ಲಿ ದೊಡ್ಡವರು ಬದಲಾದರು. ರೇಡಿಯೋದಲ್ಲಿ ಬೇರೆ ಮಾತು ಬಂತು. ಸುಗ್ಗಿಯ ಬೆಂಕಿ ಒಳ್ಳೆಯದಂತೆ, ಅದು ಬೇಸಿಗೆಯ ಬೆಂಕಿಯನ್ನು ತಡೆಯುತ್ತದಂತೆ, ಅಪ್ಪಣೆಯ ಕಾಗದ ಪಡೆದು ಹಚ್ಚಬಹುದಂತೆ. ಕಲಿಸಿಕೊಡಲು ಹೊಸ ಸಾಹೇಬರು ಬಂದರು, ಒಳ್ಳೆಯ ಹುಡುಗರೇ. ಊರಲ್ಲಿ ಇದನ್ನು ಬಲ್ಲವರು ಯಾರೆಂದು ಕೇಳಿದರು. ಸುಂಗಾಲೊ ಮುಂದೆ ಬಂದ. ಕಡ್ಡಿಯನ್ನು ಕಿವಿಗೆ ಹಿಡಿದು ಬಾಗಿಸಿ ತೋರಿಸಿದ, ಹಿಮ್ಮಡಿ ಊರಿ ತೋರಿಸಿದ. ಲಟಕ್ ಎಂದರೆ ಏನು, ಜೋತುಬಿದ್ದರೆ ಏನು, ಒಂದು ಮಾತೂ ತಪ್ಪಲಿಲ್ಲ. ಸಾಹೇಬರು ಬರೆದುಕೊಂಡರು. ಅವನಿಗೆ ಹೊಸ ಟೋಪಿ ಬಂತು. ನ್ಯೇಲೆ ಹೆಂಗಸರ ಸಾಲಿನಲ್ಲಿ ಕೂತು ತನ್ನ ಅತ್ತೆಯ ಮಾತುಗಳನ್ನು ಅವನ ಬಾಯಿಂದ ಕೊನೆಯವರೆಗೆ ಕೇಳಿದಳು.

ಕಾಗದ ಬರುವುದು ತಡವಾಯಿತು. ಪಟ್ಟಣದಲ್ಲಿ ಒಂದು ಮೇಜಿಂದ ಇನ್ನೊಂದು ಮೇಜಿಗೆ ಹೋಗಿ ನ್ಯೋಬುಗು ಮುಟ್ಟುವಾಗ ಬಡಗಣದ ಗಾಳಿ ಶುರುವಾಗಿ ತಿಂಗಳಾಗಿತ್ತು. ಕಾಗದದಲ್ಲಿ ದಿನ ಬರೆದಿತ್ತು. ಆ ದಿನವೇ ಹಚ್ಚಬೇಕು, ನೋಡಲು ದೊಡ್ಡ ಸಾಹೇಬರು ಬರುತ್ತಾರೆ. ಎಲ್ಲಿ? ಅದೇ ಬೀಳಿನ ದಿಬ್ಬದಲ್ಲಿ.

ಆ ಬೆಳಗ್ಗೆ ನ್ಯೇಲೆ ಒಂದು ಕಡ್ಡಿ ಮುರಿದಳು. ಅದು ಎರಡು ತುಂಡಾಗಿ ಅಂಗೈಗೆ ಬಂತು. ತುಂಡುಗಳನ್ನು ಹಿಡಿದು ನೇರವಾಗಿ ಸುಂಗಾಲೊನ ಹತ್ತಿರ ಹೋದಳು.

"ಇವತ್ತು ಬೇಡ. ಕೆಳಗೆ ಒಂಬತ್ತು ಮರ ಇದಾವೆ."

ಅವನು ತುಂಡುಗಳನ್ನು ನೋಡಿದ. ಅವನಿಗೆ ಗೊತ್ತಿತ್ತು, ಅವಳಿಗೆಷ್ಟು ಗೊತ್ತೋ ಅಷ್ಟೇ ಗೊತ್ತಿತ್ತು. "ಸಾಹೇಬ್ರು ದಾರೀಲಿದಾರೆ. ಈಗ ಹೇಗೆ ಬೇಡ ಅನ್ಲಿ?" ಎಂದವನು ದನಿ ತಗ್ಗಿಸಿದ. "ನ್ಯೇಲೇ, ಒಂದ್ಸಲ ಬೈಯೇ. ಆಳೇ ಅನ್ನು, ಕಿವುಡ ಅನ್ನು. ಕಟ್ಟಿನ ಮೇಲೆ ಕೇಳ್ತೀನಿ ಅನ್ನು. ನೀನು ಹಾಗೆ ಕೇಳಿದ್ರೆ ನಾನು ಇಲ್ಲ ಅನ್ನೋಕಾಗಲ್ಲ, ಟೋಪಿ ಬಿಸಾಕ್ತೀನಿ."

"ಆವತ್ತೂ ಕಟ್ಟಿನ ಮೇಲೇ ಕೇಳಿದ್ದೆ" ಎಂದಳು ನ್ಯೇಲೆ. "ಇವತ್ತು ಹುಲ್ಲು ತೋರಿಸಿದೀನಿ. ಅದು ಸಾಲದೇ ಹೋದ್ರೆ ನನ್ ಬೈಗುಳದಲ್ಲಿ ಏನಿದೆ?"

ಅವಳು ತಿರುಗಿ ಓಣಿಗೆ ಬಂದು ವಾಸಾಳನ್ನು ಕೂಗಿದಳು, ಗುದ್ದಲಿ ತಾ ಎಂದಳು. ಸುಂಗಾಲೊನ ಹಿರಿ ಹೆಂಡತಿಯೂ ಯಾರೂ ಕರೆಯದೆಯೇ ಗುದ್ದಲಿ ಹಿಡಿದು ಹೊರಟಳು. ಹನ್ನೊಂದು ಹೆಂಗಸರು ಕಾಲುದಾರಿಯ ಅಂಚಿನಲ್ಲಿ ಬಗ್ಗಿ ಕೆರೆಯತೊಡಗಿದರು. ದಿಬ್ಬದ ಮೇಲೆ ಗಾಡಿ ನಿಂತಿತು, ಚಪ್ಪಾಳೆ ಕೇಳಿಸಿತು, ಆಮೇಲೆ ಚಪ್ಪಾಳೆ ನಿಂತು ಕೂಗಾಟ ಕೇಳಿಸಿತು. ಹೊಗೆ ಇಳಿಜಾರಿನಲ್ಲಿ ಉರುಳಿ ಬಂತು. ಯಾರೂ ತಲೆಯೆತ್ತಿ ನೋಡಲಿಲ್ಲ. ಬಿಸಿ ಬೆನ್ನಿಗೆ ತಗುಲುವವರೆಗೂ ಕೆರೆದರು. ಆರು ಮರಗಳ ಸುತ್ತ ನೆಲ ಬೋಳಾಯಿತು, ಮೂರಕ್ಕೆ ಹೊತ್ತು ಸಾಲಲಿಲ್ಲ. ಆ ಮೂರು ಹೋದವು.

ಬೆಂಕಿಯ ಮುಂದೆ ಮುಂದೆ ಸುಂಗಾಲೊ ಓಡಿ ಬಂದಿದ್ದ. ತಲೆಯ ಮೇಲೆ ಟೋಪಿ ಇರಲಿಲ್ಲ, ಕೈಯಲ್ಲಿ ಹಸಿ ಕೊಂಬೆಯಿತ್ತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆರನೆಯ ಮರದ ಬುಡದಲ್ಲಿ ನಿಂತು, "ಎಲ್ಲಿ ಬಡೀಲಿ, ಹೇಳೇ, ಎಲ್ಲಿ ಬಡೀಲಿ?" ಎಂದು ಕೂಗಿದ.

ನ್ಯೇಲೆ ಬಗ್ಗಿದವಳು ಬಗ್ಗಿದಂತೆಯೇ, "ಸ್ವಲ್ಪ ಆ ಕಡೆ ಸರೀರಿ" ಎಂದಳು. "ನಿಮ್ಮ ಕಾಲ ಕೆಳಗೆ ಇನ್ನೂ ಹುಲ್ಲಿದೆ."

ಅವನು ಸರಿದ. ಅವನು ನಿಂತಿದ್ದ ಜಾಗವನ್ನು ಅವಳು ಕೆರೆದಳು.